ಹಳ್ಳಕ್ಕೆ ಇಳಿಯದ ಸೀಸೆ

ಪರದೆಯ ಮೇಲೆ ಗೆರೆ ನೆಟ್ಟಗೆ ಹೋಗುತ್ತಿತ್ತು. ಹೋಗಲೇಬೇಕು. ಅದು ಭಟ್ಟಿ ಇಳಿಸಿದ ನೀರು, ಅದರಲ್ಲಿ ಗೆರೆಯನ್ನು ಎಬ್ಬಿಸುವಂಥದ್ದು ಏನೂ ಇರುವುದಿಲ್ಲ.

ಎದ್ದಿತು.

"ಅಯ್ಯ ಶಿವನ!" ಎಂದೆ. ಜೋರಾಗಿಯೇ ಅಂದಿರಬೇಕು. ಪಕ್ಕದಲ್ಲಿ ಮೊಬೈಲು ಹಿಡಿದು ನಿಂತಿದ್ದ ಶೀತಲ, ನಮ್ಮ ಲ್ಯಾಬಿನ ಟೆಕ್ನಿಷಿಯನ್, ಬೆಚ್ಚಿಬಿದ್ದಳು.

"ಏನಾತ್ರಿ ಮೇಡಂ?"

"ಏನಾಗಬಾರದಿತ್ತೋ ಅದ ಆತು. ವಿಡಿಯೋ ಬಂದ್ ಮಾಡಬ್ಯಾಡ. ಪರದೆ ಹಿಡಿ, ನನ್ನ ಮಾರಿ ಯಾಕ ಹಿಡಿತಿ?"

ಗೆರೆ ಸರ್ರನೆ ಮೇಲೇರಿ, ತುದಿ ಮುಟ್ಟಿ, ಇಳಿಯಿತು. ಆ ಜಾಗದಲ್ಲಿ ಏಳುವುದು ಯಾವುದೆಂದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಹತ್ತಿಗೆ ಹೊಡೆಯುವ ಎಣ್ಣೆ. ಸಂದೀಪ ಹೊಲಗಳಿಗೆ ಎಣ್ಣೆ ಸಿಂಪಡಿಸುವ ಡ್ರೋನಿನ ಟಾಕಿಯಲ್ಲಿ ಸಿಕ್ಕ ಅದೇ ಕೀಟನಾಶಕ.

ಕಳೆದ ಶುಕ್ರವಾರ ಮುರಗೋಡದ ಆಚೆಯ ಹುಣಸಿಹಳ್ಳದಲ್ಲಿ ನನ್ನ ಲಕ್ಷ್ಮಣ ತಲೆಯೊಡೆದು ಸತ್ತು ಬಿದ್ದಿದ್ದ. ಅವನ ಜೀಪಿನಲ್ಲಿ ಸಿಕ್ಕ ಆರು ಸೀಸೆಗಳಲ್ಲಿ ಐದರ ವರದಿ ಅವನ ಅಕ್ಕನ ಮಗ ಸಂದೀಪನನ್ನು ಲಾಕಪ್ಪಿಗೆ ತಳ್ಳಿತ್ತು. ಈಗ ಮಶೀನಿನಲ್ಲಿ ಓಡಿದ್ದು ಯಾರೂ ಮುಟ್ಟದೆ ಬಿಟ್ಟ ಆರನೆಯದು.

ನನ್ನ ಲಕ್ಷ್ಮಣ ಎಂದೆನೇ? ಅನ್ನುತ್ತೇನೆ, ಯಾರಪ್ಪನ ಹೆದರಿಕೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಮಲಪ್ರಭೆಗೆ ಸೇರುವ ಹಳ್ಳಗಳ ನೀರಿನಲ್ಲಿ ಎಷ್ಟು ವಿಷ ಹರಿಯುತ್ತದೆಂದು ಅಳೆಯುವುದರಲ್ಲೇ ನನ್ನ ಆಯುಷ್ಯ ಹೋಗಿದೆ. ಆ ಆಯುಷ್ಯದ ತುಂಬ ಜೀಪು ಓಡಿಸಿದವನು ಅವನು. ನಾನು ದಂಡೆಯ ಮೇಲೆ ನಿಂತು ಒದರುವುದು, ಅವನು ಮೊಣಕಾಲುಮಟ ನೀರಿಗಿಳಿದು ಸೀಸೆ ತುಂಬುವುದು. ಆಮೇಲೆ ಜಾಲಿಮರದ ನೆರಳಿಗೆ ಕುಳಿತು ಅವನ ಜೋಳದ ರೊಟ್ಟಿ, ನನ್ನ ಶೇಂಗಾ ಚಟ್ನಿ. ನಾನು ಇನ್ನೊಬ್ಬ ಮನುಷ್ಯನ ಜೊತೆ ಕುಳಿತು ಉಣ್ಣುತ್ತಿದ್ದದ್ದು ಹಳ್ಳದ ದಂಡೆಯಲ್ಲಿ ಮಾತ್ರ.

ಆರನೆಯ ಸೀಸೆಯ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಯಾಕೆ ಕೂಗಿದೆನೆಂದು ತಿಳಿಯುವುದಿಲ್ಲ. ನೀರಿನ ಮಾದರಿ ತರಲು ಹೋಗುವಾಗ ನಾವು ಒಂದು ಸೀಸೆಗೆ ಇಲ್ಲಿಯೇ ಶುದ್ಧ ನೀರು ತುಂಬಿ, ಅರಗಿನ ಮುದ್ರೆ ಒತ್ತಿ, ಉಳಿದ ಖಾಲಿ ಸೀಸೆಗಳ ಜೊತೆಗೇ ಕಳಿಸುತ್ತೇವೆ. ಅದು ಹಳ್ಳದವರೆಗೆ ಹೋಗುತ್ತದೆ, ಹಳ್ಳಕ್ಕೆ ಇಳಿಯುವುದಿಲ್ಲ, ತಿರುಗಿ ಬರುತ್ತದೆ. ಬಂದ ಮೇಲೆ ಅದರಲ್ಲೂ ವಿಷ ಸಿಕ್ಕರೆ ತಪ್ಪು ಹಳ್ಳದ್ದಲ್ಲ, ನಮ್ಮದು. ಇಂಗ್ಲಿಷಿನಲ್ಲಿ ಅದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ.

"ಮದಿವಿಗೆ ಹೋಗಿ ಉಪಾಸ ಬಂದಂಗ ಆತಲ್ರಿ ಬಾಯಾರ ಇದರ ನಸೀಬ" ಎಂದು ಲಕ್ಷ್ಮಣ ನಗುತ್ತಿದ್ದ. ಅದರ ಕೊರಳಿಗೆ ಗುರುತಿಗೆಂದು ಒಂದು ಕರಿದಾರ ಕಟ್ಟಿದವನೂ ಅವನೇ. ಬೇರೆಯವರು ಕೇಳಿದರೆ ದೃಷ್ಟಿಯಾಗಬಾರದೆಂದು ಕಟ್ಟಿದ್ದೇನೆ ಅನ್ನುತ್ತಿದ್ದ. ಒಮ್ಮೆ ಬಾಯಿ ತಪ್ಪಿ, "ನಿಮ್ಮಂಗನ ಐತಿ ನೋಡ್ರಿ ಇದು" ಅಂದುಬಿಟ್ಟ, ಅಂದು ನಾಲಿಗೆ ಕಚ್ಚಿಕೊಂಡ. ನಾನು ನಕ್ಕೆ. ಮನೆಗೆ ಹೋಗಿ ಮಾತ್ರ ದೀಪ ಹಾಕದೆ ಬಹಳ ಹೊತ್ತು ಕುಳಿತಿದ್ದೆ.

ಆ ಕರಿದಾರದ ಸೀಸೆಯಲ್ಲಿ ಈಗ ವಿಷ.

ಅಂದರೆ ಐದರಲ್ಲಿ ಸಿಕ್ಕ ವಿಷವೂ ಹಳ್ಳದ್ದಲ್ಲ! ಯಾರೋ ಕೈಯಾರೆ ಹಾಕಿದ್ದು. ಆರರಲ್ಲೂ ಒಂದೇ ಎತ್ತರದ ಗೆರೆ. ಇಷ್ಟು ವರ್ಷದಲ್ಲಿ ಒಂದೇ ಹಳ್ಳದ ಎರಡು ಸೀಸೆ ಹೀಗೆ ಹೊಂದಿದ್ದನ್ನು ನಾನು ಕಂಡಿಲ್ಲ.

ಪೊಲೀಸರ ಲೆಕ್ಕ ಸರಳವಾಗಿತ್ತು. ಸಂದೀಪ ಡ್ರೋನಿನ ಟಾಕಿಯನ್ನು ಹಳ್ಳದಲ್ಲಿ ತೊಳೆಯುವಾಗ ಮಾವ ಹಿಡಿದ, ಜಗಳವಾಯಿತು, ಹುಡುಗ ನೂಕಿದ. ಜಗಳ ಕಂಡವರು ನಿಜಗುಣಪ್ಪನವರು. ಯರಗಟ್ಟಿಯಲ್ಲಿ ಎಣ್ಣೆ-ಗೊಬ್ಬರದ ದೊಡ್ಡ ಅಂಗಡಿ, ಹಳ್ಳದ ಪಕ್ಕದಲ್ಲೇ ಹೊಲ. ಅವಧಿ ಮುಗಿದ ಮಾಲು ಅವರ ಗೋದಾಮಿನಿಂದ ಹಳ್ಳ ಸೇರುತ್ತಿದೆಯೆಂದು ನಾನು ಬರೆದಾಗ ಕರೆದು ಚಹಾ ಕೊಟ್ಟು ನಕ್ಕಿದ್ದ ಮನುಷ್ಯ. ಟಾಕಿ ತೊಳೆದದ್ದಕ್ಕೆ ಸಾಕ್ಷಿ ಸೀಸೆಗಳು. ಸೀಸೆಗಳು ಸುಳ್ಳಾದರೆ ಸಂದೀಪನ ಕೊರಳಿನ ಹಗ್ಗ ಸಡಿಲವಾದ ಹಾಗೆ. ನಾಳೆ ಪೊಲೀಸ್ ಕಸ್ಟಡಿ ಮುಗಿದು ಅವನನ್ನು ಮತ್ತೆ ಕೋರ್ಟಿಗೆ ಒಯ್ಯುವವರಿದ್ದರು.

ನಾನು ಕೈ ಕೂಡ ತೊಳೆಯದೆ ಹೊರಗೆ ಓಡಿದೆ.

ಲ್ಯಾಬಿನ ಮೆಟ್ಟಿಲ ಮೇಲೆ ಕೃಷ್ಣವ್ವ ಕುಳಿತಿದ್ದಳು. ಲಕ್ಷ್ಮಣನ ಅಕ್ಕ, ಸಂದೀಪನ ತಾಯಿ. ತಮ್ಮನನ್ನು ಮಣ್ಣು ಮಾಡಿ ಬಂದ ಮರುದಿನವೇ ಮಗನನ್ನು ಪೊಲೀಸರು ಒಯ್ದರು. ಅಂದಿನಿಂದ ದಿನಾಲೂ ದೊಡವಾಡದಿಂದ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದು ಇಲ್ಲಿ ಕುಳಿತು ಹೋಗುತ್ತಿದ್ದಳು. ಅಳುವುದಿಲ್ಲ, ಕೇಳುವುದಿಲ್ಲ. ರೊಟ್ಟಿಯ ಗಂಟು ಮಡಿಲಲ್ಲಿರುತ್ತದೆ, ಬಿಚ್ಚುವುದಿಲ್ಲ.

"ಕೃಷ್ಣವ್ವಾ, ನಿನ್ನ ಮಗಾ ಹಳ್ಳ ಕೆಡಿಸಿಲ್ಲ! ಯಾರೋ ಬೇಕಂತ ಸೀಸೇಕ ವಿಷಾ ಹಾಕ್ಯಾರ. ನನ್ನ ಕಡೆ ಸಾಕ್ಷಿ ಐತಿ."

ಅವಳು ನನ್ನ ಮುಖವನ್ನೇ ನೋಡಿದಳು. "ಬಿಡ್ತಾರೇನ್ರಿ ಬಾಯಾರ ಅವನ್ನ?"

"ಬಿಡದ ಏನ್ ಮಾಡ್ತಾರ? ಬಿಡಸ್ತೇನಿ ನಾ!"

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನ ಕೈಯನ್ನು ಯಾರಾದರೂ ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ.

"ಮೇಡಂ, ಸ್ವಲ್ಪ ಒಳಗ ಬರ್ರಿ."

ಹಿಂದೆ ಶ್ರೀಶೈಲ ನಿಂತಿದ್ದ. ಲ್ಯಾಬಿನ ಈಗಿನ ಮುಖ್ಯಸ್ಥ, ಒಂದು ಕಾಲದಲ್ಲಿ ನನ್ನ ಶಿಷ್ಯ. ಐದು ಸೀಸೆಗಳ ವರದಿಗೆ ಸಹಿ ಹಾಕಿದವನು ಅವನೇ. ನಾನು ನಿವೃತ್ತಳಾದ ಮೇಲೂ ಮೂಲೆಯಲ್ಲಿ ಒಂದು ಮೇಜು ಬಿಟ್ಟುಕೊಟ್ಟಿದ್ದ, ಆ ಉಪಕಾರ ಇಲ್ಲವೆನ್ನುವುದಿಲ್ಲ. ಆದರೆ ನನಗೆ ಅವನ ಮೇಲೆ ಸಿಟ್ಟು ನೆತ್ತಿಗೇರಿತ್ತು.

"ಬ್ಲ್ಯಾಂಕ್ ಯಾಕ ಓಡಿಸಿದ್ದಿಲ್ಲ ನೀನು?" ಎಂದು ಬಾಗಿಲಲ್ಲೇ ಕೇಳಿದೆ.

"ಮಶೀನಿಗೆ ಗ್ಯಾಸ್ ಮುಗೀತಿತ್ರಿ. ಪೊಲೀಸರಿಗೆ ಅವತ್ತ ವರದಿ ಬೇಕಿತ್ತು. ಶುದ್ಧ ನೀರು, ಅದರಾಗೇನು ನೋಡೂದಂತ ಬಿಟ್ಟೆ."

"ಅದರಾಗ ಏನ್ ನೋಡೂದು? ಬಾ, ನೋಡು."

ಶೀತಲಳ ಮೊಬೈಲನ್ನು ಅವನ ಕೈಗೆ ಕೊಟ್ಟೆ. ಅರಗಿನ ಮುದ್ರೆ ತೋರಿಸಿದ್ದು, ಒಡೆದದ್ದು, ನೀರಿನ ಸಾರ ತೆಗೆದದ್ದು, ಕೊನೆಗೆ ಗೆರೆ ಎದ್ದದ್ದು, ಎಲ್ಲ ಅದರಲ್ಲಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಇಲ್ಲ. ಅದರಾಗ ಇರಾಕ ಸಾಧ್ಯನ ಇಲ್ಲ."

"ಐತಲ್ಲ!"

"ಅದೊಂದರಾಗ ಇರಾಕ..." ಎಂದವನು ಅಲ್ಲಿಗೆ ನಿಲ್ಲಿಸಿ ಶೀತಲಳನ್ನು ಹೊರಗೆ ಕಳಿಸಿದ, ಬಾಗಿಲು ಮುಚ್ಚಿದ, ನನಗೆ ಖುರ್ಚಿ ಎಳೆದ. ಅವನೂ ಕುಳಿತು ಹಣೆ ಒರೆಸಿಕೊಂಡ. ಮತ್ತೆ ಮಾತಾಡಿದಾಗ ದನಿ ಸಮವಾಗಿತ್ತು.

"ಮೇಡಂ, ಈ ಅರಗು ಯಾರು ಒತ್ತಿದ್ದು?"

"ನಾನ. ಯಾವಾಗಲೂ ನಾನ ಒತ್ತತೇನಿ."

"ನೀರು ತುಂಬಿದ್ದು?"

"ನಾನ. ಗುರುವಾರ ಸಂಜೀಮುಂದ."

"ಅರಗು ಮುರದಿದ್ದಿಲ್ಲ?"

"ಕಣ್ಣೈತಲ್ಲ ನಿನಗ, ವಿಡಿಯೋದಾಗ ನೋಡು. ಹಂಗ ಐತಿ."

"ಹಂಗಾರ ವಿಷ ಅರಗಿಗಿಂತ ಮೊದಲ ಒಳಗ ಇತ್ತು." ಅವನು ನಿಧಾನವಾಗಿ ಹೇಳಿದ. "ಅಂದ್ರ ಹಳ್ಳದ ದಂಡ್ಯಾಗ ಅಲ್ಲ, ಜೀಪಿನ್ಯಾಗ ಅಲ್ಲ. ಇಲ್ಲೇ. ಲಕ್ಷ್ಮಣ ಸಾಯೂಕಿಂತ ಒಂದಿನ ಮೊದಲ. ಗುರುವಾರ ಸಂಜೀಮುಂದ ಇಲ್ಲಿ ಯಾರಿದ್ರು ಮೇಡಂ?"

ನನ್ನ ಸಿಟ್ಟು ಇದ್ದಕ್ಕಿದ್ದಂತೆ ಎಲ್ಲಿ ಹೋಯಿತೋ.

ಗುರುವಾರ ಶ್ರೀಶೈಲ ಬೆಳಗಾವಿಯ ಮೀಟಿಂಗಿನಲ್ಲಿದ್ದ, ಫೋಟೋಗಳು ಗ್ರೂಪಿಗೆ ಬಂದಿದ್ದವು. ಶೀತಲಳಿಗೆ ರಜೆ. ಲಕ್ಷ್ಮಣ ಮಧ್ಯಾಹ್ನವೇ, ಮುರಗೋಡದ ಮಠಕ್ಕೆ ಹೋಗಿ ಪ್ರಸಾದ ಉಂಡು ಬರುತ್ತೇನೆಂದು ಹೇಳಿ ಹೊರಟಿದ್ದ. ತೊಳೆದು ಒಣಗಿಸಿದ ಸೀಸೆಗಳು ಹಿಂದಿನ ಕೋಣೆಯ ಸ್ಟ್ಯಾಂಡಿನ ಮೇಲಿದ್ದವು. ಮುಂಬಾಗಿಲಿನ ಎದುರಿಗೇ ನನ್ನ ಮೇಜು, ಯಾರೂ ಒಳಗೆ ಬಂದಿರಲಿಲ್ಲ. ಹೋಗುವಾಗ ಹಿಂದಿನ ಬಾಗಿಲಿನ ಚಿಲಕವನ್ನೂ ನಾನೇ ಹಾಕಿದ್ದೆ.

"ನಾ ಒಬ್ಬಾಕಿನ ಇದ್ದೆ" ಎಂದೆ.

"ನೀವು ಮನೀಗೆ ಹೋಗಿದ್ದು ಯಾರರ ನೋಡ್ಯಾರ? ಯಾರ ಜೊತೀಗರ ಮಾತಾಡೀರಿ? ಫೋನು?"

"ನನಗ ಯಾರ್ ಫೋನ್ ಮಾಡ್ತಾರ ಮಾರಾಯಾ? ಹಳ್ಳದಾಗ ಮೀನ ಸತ್ತರ ಮಾಡ್ತಾರ."

ಅವನು ನಗಲಿಲ್ಲ. "ಬುಧವಾರ ನೀವು ಲಕ್ಷ್ಮಣನ್ನ ಎಲ್ಲಾರ ಮುಂದ ಬೈದ್ರಿ. ಇಡೀ ಲ್ಯಾಬ್ ಕೇಳೇತಿ."

ಬೈದದ್ದು ನಿಜ. ಲಕ್ಷ್ಮಣ ಕೆಲಸ ಬಿಡುತ್ತೇನೆ ಅಂದಿದ್ದ. ನಿಜಗುಣಪ್ಪನವರ ಮಾಲಿನ ಗಾಡಿ ಓಡಿಸಲು ಹೋಗುತ್ತೇನೆ ಅಂದಿದ್ದ. ನಾನು ಮೈಮೇಲೆ ಬಂದವಳ ಹಾಗೆ ಕೂಗಾಡಿದ್ದೆ, ವಿಷ ಮಾರುವವರ ಕಡೆಗೇ ಹೋಗು, ಇನ್ನು ನನ್ನ ಕಣ್ಣಿಗೆ ಬೀಳಬೇಡ ಎಂದು. ಅವನು ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ಹೋಗಿದ್ದ. ನಾನು ಕೂಗಿದ್ದು ವಿಷಕ್ಕಾಗಿ ಅಲ್ಲ. ಅವನು ಹೋದರೆ ಜೀಪಿನ ಪಕ್ಕದ ಸೀಟು ಖಾಲಿಯಾಗುತ್ತದೆ, ಅದಕ್ಕೆ.

"ನಾ ನಿಮ್ಮ ಸಲುವಾಗಿ ಹೇಳಾಕತ್ತೇನಿ" ಎಂದು ಶ್ರೀಶೈಲ ಮುಂದೆ ಬಾಗಿದ. "ಆ ಸೀಸೆ ತೊಳದಿಡ್ರಿ. ವಿಡಿಯೋ ಅಳಸಾಕ ಶೀತಲಗ ನಾ ಹೇಳತೇನಿ. ಬ್ಲ್ಯಾಂಕ್ ಒಡದ ಹೋತು ಅಂತ ಬರದ್ರ ಯಾರೂ ಕೇಳೂದಿಲ್ಲ."

"ಮತ್ತ ಸಂದೀಪ?"

"ಹರೇದ ಹುಡುಗ. ಇವತ್ತಿಲ್ಲ ನಾಳೆ ಜಾಮೀನ ಆಕ್ಕತಿ. ನಿಮ್ಮನ್ನ ಒಳಗ ಹಾಕಿದ್ರ ಬಿಡಸಾಕ ಯಾರ್ ಬರ್ತಾರ ಮೇಡಂ?"

ಆ ಮಾತು ನನಗೆ ನಾಟಿತು. ಸುಳ್ಳೇನೂ ಅಲ್ಲವಲ್ಲ. ನನಗಾಗಿ ಠಾಣೆಯ ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಹಿಡಿದು ಕೂಡುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಇದ್ದವನೊಬ್ಬ ಹುಣಸಿಹಳ್ಳದಲ್ಲಿ ಹೋದ.

ಕರಿದಾರದ ಸೀಸೆ ಮೇಜಿನ ಮೇಲಿತ್ತು. ಅರ್ಧ ನೀರು ಇನ್ನೂ ಉಳಿದಿತ್ತು. ಬಚ್ಚಲು ಎರಡು ಮಾರಿನ ದೂರದಲ್ಲಿ. ನಾನು ಸೀಸೆಯನ್ನು ಕೈಗೆತ್ತಿಕೊಂಡೆ. ಶ್ರೀಶೈಲ ಉಸಿರು ಬಿಟ್ಟದ್ದು ಕೇಳಿಸಿತು.

"ನಾ ನಿನಗ ಏನ್ ಕಲಿಸಿದ್ದೆ ಶ್ರೀಶೈಲಾ? ಬ್ಲ್ಯಾಂಕ್ ಏನ್ ಹೇಳತೈತೋ ಅದನ್ನ ಮೊದಲ ಬರೀಬೇಕು ಅಂತಲ್ಲೇನು? ನಮ್ಮ ಮ್ಯಾಲೆ ಬಂದ್ರೂ ಬರೀಬೇಕು."

"ಮೇಡಂ, ಹುಚ್ಚರಂಗ ಮಾಡಬ್ಯಾಡ್ರಿ."

"ಹೂಂ, ಹುಚ್ಚಿ ನಾ. ಇಷ್ಟ ವರ್ಷ ಹಳ್ಳದ ನೀರು ಮೂಸಿ ನೋಡಿದಾಕಿ ಶಾಣ್ಯಾ ಎಲ್ಲಿಂದ ಆಗಬೇಕು?"

ಸೀಸೆಯ ಮುಚ್ಚಳ ಬಿಗಿದು, ಹೆಗಲಿನ ಪಿಶಿವಿಯಲ್ಲಿಟ್ಟು, ಶೀತಲಳಿಂದ ವಿಡಿಯೋವನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡು ಹೊರಗೆ ಬಂದೆ. ಹೆದರಿಕೆಯಾಗಿತ್ತು, ಆಗಿಲ್ಲವೆಂದು ಯಾಕೆ ಹೇಳಲಿ?

"ಏಳ ಕೃಷ್ಣವ್ವಾ. ಮುರಗೋಡ ಠಾಣೇಕ ಹೋಗೂಣು."

ಬಸ್ಸಿನಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತೆವು. ಎರಡೂ ಬದಿಗೆ ಹತ್ತಿಯ ಹೊಲ, ಕಾಯಿ ಕಟ್ಟುವ ಕಾಲ. ಬೆನ್ನಿಗೆ ಪಂಪು ಕಟ್ಟಿಕೊಂಡವನೊಬ್ಬ ಮೂಗಿಗೆ ವಸ್ತ್ರ ಸುತ್ತಿ ಎಣ್ಣೆ ಹೊಡೆಯುತ್ತಿದ್ದ. ಆ ವಾಸನೆ ಒಳಗೆ ಬಂದಾಗ ಪಕ್ಕಕ್ಕೆ ತಿರುಗಿ, "ಯಾವ ಎಣ್ಣಿ ಹೇಳು ನೋಡೂಣು" ಎನ್ನುವುದು ನನ್ನ ರೂಢಿ. ಲಕ್ಷ್ಮಣ ಪ್ರತಿ ಸಲವೂ ತಪ್ಪು ಹೇಳುತ್ತಿದ್ದ, ಬೇಕೆಂದೇ, ನನಗೆ ಬೈಯಲು ಸಿಗಲೆಂದು. ಅಂದು ತಿರುಗಿದೆ. ಕೃಷ್ಣವ್ವ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

"ತಗೋರಿ ಬಾಯಾರ. ಮುಂಜಾನಿಂದ ಏನೂ ತಿಂದಿಲ್ಲ ನೀವು."

ಮುರಿದ ಅರ್ಧ ರೊಟ್ಟಿ ಕೊಟ್ಟಳು. ಲಕ್ಷ್ಮಣನ ಡಬ್ಬಿಯಲ್ಲಿರುತ್ತಿದ್ದ ಅದೇ ರೊಟ್ಟಿ, ಅದೇ ಕೈಯದು. ತಿಂದೆ. ಠಾಣೆಯಲ್ಲಿ ನಾನು ಹೇಳುವುದನ್ನು ಕೇಳಿದ ಮೇಲೆ ಇವಳು ನನ್ನ ಮುಖ ನೋಡುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಲೇ ತಿಂದೆ.

ಪಿಎಸ್‌ಐ ಆಕಾಶ ಚಿಕ್ಕ ವಯಸ್ಸಿನವನು, ಮಾತು ಕಡಿಮೆ. ನನ್ನನ್ನು ಕೂಡಿಸಿದ, ಎಲ್ಲ ಕೇಳಿದ, ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಸೀಸೆಯನ್ನು ಬೆಳಕಿಗೆ ಹಿಡಿದ. ಬೆಂಚಿನ ಮೇಲೆ ಕೃಷ್ಣವ್ವ, ಸರಳುಗಳ ಆಚೆ ಸಂದೀಪ. ಹುಡುಗನ ಗಡ್ಡ ಬೆಳೆದಿತ್ತು, ಕಣ್ಣು ಮಾತ್ರ ಲಕ್ಷ್ಮಣನವೇ.

"ಅಂದ್ರ ಹಳ್ಳದಾಗ ಈ ಎಣ್ಣಿ ಇದ್ದಿದ್ದಿಲ್ಲ?"

"ಇತ್ತಂತ ಹೇಳಾಕ ಈ ಸೀಸೆಗೋಳ ಸಾಕ್ಷಿ ಅಲ್ಲ. ಒಣಗಾಕ ಇಟ್ಟಾಗ ಯಾರೋ ಒಂದೊಂದ ಹನಿ ಬಿಟ್ಟಾರ. ಲಕ್ಷ್ಮಣ ಸಾಯೂಕಿಂತ ಮೊದಲ. ಈ ಹುಡುಗನ್ನ ಸಿಗಸಾಕಂತ ಮೊದಲ ತಯಾರಿ ಆಗೇತಿ."

"ಮತ್ತ ಆ ಹೊತ್ತಿನ್ಯಾಗ ಲ್ಯಾಬಿನ್ಯಾಗ ಇದ್ದಾಕಿ ನೀವು ಒಬ್ರ."

"ಹೌದು."

"ನೀವು ಏನ್ ಹೇಳಾಕತ್ತೀರಿ ಅಂತ ನಿಮಗ ತಿಳೀತೇನ್ರಿ ಮೇಡಂ?"

"ತಿಳೀತು. ನನ್ನ ತೆಲಿ ಇನ್ನೂ ನೆಟ್ಟಗ ಐತಿ."

ಅವನು ಪೆನ್ನಿನ ಟೋಪಿ ತೆಗೆದ. "ನೀವು ಹಾಕಿಲ್ಲ ಅಂತ ಹೇಳಾಕ ಯಾರರ ಅದಾರೇನು?"

"ಯಾರೂ ಇಲ್ಲ."

ಹೇಳುವಾಗ ಅದು ಗುರುವಾರದ ಸಂಜೆಗೆ ಮಾತ್ರ ಸೇರಿದ ಉತ್ತರ ಅನ್ನಿಸಲಿಲ್ಲ. ತಲೆ ತಗ್ಗಿಸಿದೆ. ಕೃಷ್ಣವ್ವನ ಕಡೆ ನೋಡುವ ಧೈರ್ಯವಾಗಲಿಲ್ಲ.

ಬೆಂಚು ಕಿರುಗುಟ್ಟಿತು. ಎದ್ದು ಹೋಗುತ್ತಿದ್ದಾಳೆ ಅಂದುಕೊಂಡೆ.

"ಬಾಯಾರು ಹಾಕಿಲ್ರಿ ಸಾಹೇಬ್ರ."

"ನಿನಗ ಹೆಂಗ ಗೊತ್ತವಾ?"

"ನಾ ನೋಡೇನ್ರಿ." ಅವಳು ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಅವತ್ತ ತಮ್ಮಗ ರೊಟ್ಟಿ ಕೊಡಾಕಂತ ದೊಡವಾಡದಿಂದ ಬಂದಿದ್ದೆ. ಬಾಯಾರು ಮುಂದ ತೆಲಿ ಬಗ್ಗಿಸಿ ಬರಕೋತ ಕುಂತಿದ್ರು. ಅವರಿಗೆ ತ್ರಾಸ ಯಾಕಂತ ಹಿತ್ತಲಕಡೆ ಹೋದೆ. ಹಿಂದಿನ ಖೋಲ್ಯಾಗ ಒಬ್ಬಾಂವ ಇದ್ದ. ಕಿವೀಗೆ ಫೋನ್ ಹಚ್ಚಿಕೊಂಡು ಸೀಸೆ ಒಂದೊಂದ ಎತ್ತಿ ಏನೋ ಹನಿ ಬಿಡಾಕತ್ತಿದ್ದ. ಅದೇನಂತ ನನಗ ಈಗ, ನೀವು ಮಾತಾಡೂದ ಕೇಳಿದ ಮ್ಯಾಲೆ ತಿಳೀತು."

"ಯಾರಂವ?"

ಅವಳು ಸರಳುಗಳ ಆಚೆಗಿನ ಮಗನನ್ನು ನೋಡಿದಳು. ಆಮೇಲೆ ನನ್ನನ್ನು.

"ನನ್ನ ತಮ್ಮ ರೀ. ಲಕ್ಷ್ಮಣ."

"ಮಾವ?" ಎಂದ ಸಂದೀಪ.

ಮಠಕ್ಕೆ ಹೋಗುತ್ತೇನೆಂದು ಹೇಳಿದವನು. ನನ್ನ ಬೆನ್ನ ಹಿಂದೆ, ಒಂದೇ ಗೋಡೆಯ ಆಚೆ.

"ಅಳಕೋತ ಹಾಕಾಕತ್ತಿದ್ರಿ" ಎಂದಳು ಕೃಷ್ಣವ್ವ. ಈಗ ಅವಳೂ ಅಳುತ್ತಿದ್ದಳು. "ಫೋನಿನ್ಯಾಗ ಯಾರಿಗೋ, 'ಐದಕ್ಕ ಹಾಕೇನ್ರಿ, ಕರಿದಾರದ್ದೊಂದ ಬಿಟ್ಟೇನ್ರಿ' ಅಂದ. ಅಂದು ಫೋನ್ ಇಟ್ಟ. ಇಟ್ಟು, ಅದನ್ನೂ ಎತಗೊಂಡು ಅದಕ್ಕೂ ಹಾಕಿದ. ಕಿಡಕ್ಯಾಗ ನನ್ನ ನೋಡಿ, 'ಬಾಯಾರಿಗೆ ಹೇಳಬ್ಯಾಡಕ್ಕಾ, ಅವರಿಗೆ ತಾನ ತಿಳೀತೈತಿ' ಅಂದ."

ತಾನೇ ತಿಳಿಯುತ್ತದೆ. ಹೌದು ಲಕ್ಷ್ಮಣಾ, ತಿಳಿಯಿತು. ಯಾರೂ ಓಡಿಸದೆ ಬಿಡುವ ಸೀಸೆಯನ್ನು ನಾನು ಓಡಿಸಿಯೇ ಓಡಿಸುತ್ತೇನೆಂದು ನಂಬಿ, ಬಾಯಿಬಿಟ್ಟು ಹೇಳಲಾಗದ್ದನ್ನು ನೀನು ಅದರಲ್ಲಿ ಹಾಕಿಟ್ಟು ಹೋದೆ. ನಾನು ಪಿಎಸ್‌ಐ ಎದುರಿಗೇ, ಮುಖ ಮುಚ್ಚಿಕೊಳ್ಳದೆ ಅತ್ತೆ.

ಆಕಾಶ ನೀರಿನ ಲೋಟ ನನ್ನ ಮುಂದೆ ಸರಿಸಿದ.

"ಮೇಡಂ, ಕರಿದಾರದ್ದ ಬಿಡು ಅಂತ ಹೇಳಬೇಕಂದ್ರ ಅದು ಏನಂತ ಫೋನಿನ್ಯಾಗ ಇದ್ದಾಂವಗ ಗೊತ್ತಿರಬೇಕು. ಯಾರ್ಯಾರಿಗೆ ಗೊತ್ತೈತಿ ಅದು?"

"ದೃಷ್ಟೀದಾರ ಅಂತ ಎಲ್ಲಾರೂ ತಿಳದಾರ. ಅದು ಬ್ಲ್ಯಾಂಕಿನ ಗುರುತಂತ ಖರೇ ಗೊತ್ತಿದ್ದಿದ್ದು ಮೂರ ಮಂದಿಗೆ. ಒಬ್ಬಾಂವ ಸತ್ತ. ಒಬ್ಬಾಕಿ ನಿಮ್ಮ ಮುಂದ ಕುಂತಾಳ."

"ಮೂರನೇದಾಂವ?"

ಅದರಾಗ ಇರಾಕ ಸಾಧ್ಯನ ಇಲ್ಲ. ಹಾಗೆಂದು ಬಿಳಿಚಿಕೊಂಡ ಆ ಮುಖ ಕಣ್ಣ ಮುಂದೆ ಬಂತು. ಹೇಳಲು ಬಾಯಿ ತೆರೆದೆ.

ಮೇಜಿನ ಮೇಲಿದ್ದ ನನ್ನ ಮೊಬೈಲು ಗಡಗಡ ನಡುಗಿತು. ಲಕ್ಷ್ಮಣ ಸತ್ತ ಮೇಲೆ ಯಾರೂ ಕರೆ ಮಾಡದ ಮೊಬೈಲು. ಆಕಾಶ ಬಗ್ಗಿ ಪರದೆಯ ಮೇಲಿನ ಹೆಸರನ್ನು ಓದಿದ, ನನ್ನ ಮುಖ ನೋಡಿದ, ಸ್ಪೀಕರ್ ಒತ್ತಿದ.

"ಮೇಡಂ," ಎಂದಿತು ಶ್ರೀಶೈಲನ ದನಿ, "ಶೀತಲ ನನ್ನ ಗಾಡ್ಯಾಗ ಕುಂತಾಳ. ಹುಣಸಿಹಳ್ಳದ ಕಡೆ ಹೊಂಟೇವಿ. ಆಕಿ ತಿರುಗಿ ಬರಬೇಕಂದ್ರ ನೀವು ಆ ಸೀಸೆ ತಗೊಂಡು ಒಬ್ರ ಬರ್ರಿ."